ಹೋಗಿ ಬಾ ಎಂಬ ಪ್ರಾರ್ಥನೆ

"ನಿಮಗಾಗಿ ದೇವರಲ್ಲಿ ಪ್ರಾರ್ಥಿಸುತ್ತೇನೆ" ಎಂಬ ಮಾತನ್ನು ನಾವು ಎಷ್ಟು ಸುಲಭವಾಗಿ ಆಡಿಬಿಡುತ್ತೇವೆ! ರೋಗಿಯ ಮಂಚದ ಬಳಿ, ಸಾವಿನ ಮನೆಯ ಜಗಲಿಯಲ್ಲಿ, ಪರೀಕ್ಷೆಗೆ ಹೊರಟ ಹುಡುಗನ ಮುಂದೆ, ಬೇರೆ ಯಾವ ಮಾತೂ ತೋಚದಿದ್ದಾಗ ಈ ಮಾತು ತಾನಾಗಿ ನಾಲಿಗೆಗೆ ಬರುತ್ತದೆ. ಕೇಳಿದವರಿಗೆ ಸಮಾಧಾನ, ಆಡಿದವರಿಗೆ ಬಿಡುಗಡೆ. ಈಚೆಗಂತೂ ಆಡುವ ಶ್ರಮವೂ ತಪ್ಪಿದೆ. ಮೊಬೈಲಿನಲ್ಲಿ ಜೋಡಿಸಿದ ಎರಡು ಕೈಗಳ ಚಿತ್ರವೊಂದನ್ನು ಒತ್ತಿ ಕಳುಹಿಸಿದರೆ ಕರ್ತವ್ಯ ಮುಗಿಯಿತು. ಆ ಬಳಿಕ ನಾವು ಊಟ ಮಾಡುತ್ತೇವೆ, ಪತ್ರಿಕೆ ಓದುತ್ತೇವೆ, ಮಲಗುತ್ತೇವೆ. ಪ್ರಾರ್ಥಿಸುವುದೊಂದನ್ನು ಮಾತ್ರ ಮರೆಯುತ್ತೇವೆ.

ಇದನ್ನು ಇತರರ ಮೇಲಿನ ದೂರಾಗಿ ಬರೆಯುತ್ತಿಲ್ಲ. ನನ್ನದೇ ತಪ್ಪೊಪ್ಪಿಗೆಯಾಗಿ ಬರೆಯುತ್ತಿದ್ದೇನೆ.

ನನ್ನೊಡನೆ ಇಪ್ಪತ್ತೆರಡು ವರ್ಷ ಒಂದೇ ಕಚೇರಿಯಲ್ಲಿ ದುಡಿದ ಮಿತ್ರರೊಬ್ಬರಿದ್ದಾರೆ. ಎರಡು ವರ್ಷಗಳ ಹಿಂದೆ ಅವರ ಪತ್ನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಹಿಂದಿನ ದಿನ ಅವರು ದೂರವಾಣಿಯಲ್ಲಿ ಈ ವಿಷಯ ತಿಳಿಸಿದಾಗ ನಾನೂ ವಾಡಿಕೆಯಂತೆ, "ಧೈರ್ಯವಾಗಿರಿ, ನಾನು ಪ್ರಾರ್ಥಿಸುತ್ತೇನೆ" ಎಂದೆ. ಆ ರಾತ್ರಿ ಮನೆಗೆ ನೆಂಟರು ಬಂದಿದ್ದರು. ಮಾತುಕತೆಯಲ್ಲಿ ಹೊತ್ತು ಕಳೆಯಿತು. ಮಿತ್ರರ ನೆನಪು ಮರುದಿನ ಮಧ್ಯಾಹ್ನದವರೆಗೆ ನನಗೆ ಬರಲಿಲ್ಲ. ಪುಣ್ಯವಶಾತ್ ಶಸ್ತ್ರಚಿಕಿತ್ಸೆ ಸುಗಮವಾಗಿ ನೆರವೇರಿತು. ಎರಡು ತಿಂಗಳ ತರುವಾಯ ಬ್ಯಾಂಕಿನಲ್ಲಿ ಎದುರಾದ ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಹೇಳಿದರು: "ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದೆ. ನಮಗಾಗಿ ಪ್ರಾರ್ಥಿಸುತ್ತಿರುವವರು ಯಾರು ಯಾರೆಂದು ಬೆರಳು ಮಡಿಸಿ ಎಣಿಸಿದೆ. ನೀವು ನಾಲ್ಕನೆಯವರು."

ನಾನು ಏನೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಮನೆಗೆ ಬಂದು ನನ್ನಾಕೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. "ಮಾತು ಕೊಟ್ಟ ಮೇಲೆ ನಡೆಸಬೇಡವೇ? ಹೇಗೆಂದು ಗೊತ್ತಿಲ್ಲದಿದ್ದರೆ ಟೀಚರಮ್ಮನವರನ್ನು ಕೇಳಿ" ಎಂದಳು.

ಟೀಚರಮ್ಮ ನಮ್ಮ ಬೀದಿಯ ಕೊನೆಯ ಮನೆಯವರು, ನಿವೃತ್ತ ಉಪಾಧ್ಯಾಯಿನಿ, ಕ್ರೈಸ್ತರು. ಬೀದಿಯಲ್ಲಿ ಯಾರಿಗೆ ಕಷ್ಟ ಬಂದರೂ ಅವರ ಹೆಸರು ಆಕೆಯ ಒಂದು ನೋಟು ಪುಸ್ತಕದಲ್ಲಿ ಸೇರುತ್ತದೆಂದು ಎಲ್ಲರೂ ಬಲ್ಲರು. ಮಾರನೆಯ ಸಂಜೆ ಹೋಗಿ ನನ್ನ ಸಂಕಟವನ್ನು ಹೇಳಿಕೊಂಡೆ. "ಲೋಕಕ್ಕೆಲ್ಲ ಸುಖವಾಗಲೆಂದು ಹಾರೈಸುವ ಶ್ಲೋಕವನ್ನು ಬಾಲ್ಯದಿಂದ ಹೇಳಿಕೊಂಡು ಬಂದವನು ನಾನು. ಆದರೆ ಒಬ್ಬ ಮನುಷ್ಯನಿಗಾಗಿ ಕುಳಿತು ಪ್ರಾರ್ಥಿಸಲು ಹೊರಟರೆ ಅರ್ಧ ನಿಮಿಷದಲ್ಲಿ ಮಾತು ಮುಗಿದುಹೋಗುತ್ತದೆ. 'ಅವರನ್ನು ಚೆನ್ನಾಗಿಡು' ಎಂದ ಮೇಲೆ ಇನ್ನೇನು ಹೇಳುವುದು?" ಎಂದು ಕೇಳಿದೆ.

ಆಕೆ ನಕ್ಕರು. "ಲೋಕಕ್ಕಾಗಿ ಪ್ರಾರ್ಥಿಸುವುದು ಸುಲಭ, ರಾಯರೇ. ಲೋಕ ನಮ್ಮ ಪಕ್ಕದ ಮನೆಯಲ್ಲಿಲ್ಲ" ಎಂದು ಹೇಳಿ, ಅಂಚು ಸವೆದ ಬೈಬಲ್ಲನ್ನು ತೆರೆದು ಕೀರ್ತನೆಗಳಲ್ಲಿ 121ನೆಯದನ್ನು ತೋರಿಸಿದರು. "ನನಗೆ ಮಾತು ತೋಚದಾಗ ನಾನು ಇದರ ಬೆನ್ನು ಹಿಡಿದು ಹೋಗುತ್ತೇನೆ. ಎಂಟೇ ವಚನ. ಒಂದೊಂದರಲ್ಲೂ ನೆರೆಯವರಿಗಾಗಿ ಬೇಡುವುದಕ್ಕೆ ಒಂದೊಂದು ವಿಷಯ ಇದೆ."

ವಾಚಕರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು ಮಂದಿ ಇರುವುದರಿಂದ ಈ ಗ್ರಂಥದ ವಿಷಯವಾಗಿ ಎರಡು ಮಾತು ಹೇಳುವುದು ಉಚಿತ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ 150 ಭಕ್ತಿಗೀತೆಗಳ ಒಂದು ಸಂಗ್ರಹವಿದೆ. ಹೀಬ್ರೂ ಭಾಷೆಯಲ್ಲಿ ಹುಟ್ಟಿದ ಈ ಹಾಡುಗಳು ಮೊದಲು ಯೆಹೂದ್ಯರವು. ಅವರಿಂದ ಕ್ರೈಸ್ತರಿಗೆ ಬಂದವು. ದಾವೀದನಿಗೆ ದೇವರು ಅನುಗ್ರಹಿಸಿದ ಗ್ರಂಥವೆಂದು ಮುಸ್ಲಿಮರು 'ಜಬೂರ್' ಅನ್ನು ಗೌರವಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಕನ್ನಡದ ಸೇವೆಗೆ ಕೈಹಚ್ಚಿದರು. ಇಂದು ಕನ್ನಡ ಬೈಬಲ್ಲಿನಲ್ಲಿ ಈ ಸಂಗ್ರಹಕ್ಕೆ ಇರುವ ಹೆಸರು 'ಕೀರ್ತನೆಗಳು'. ಪುರಂದರದಾಸರ ನಾಡಿನಲ್ಲಿ ಈ ಹೆಸರು ಪರಕೀಯವಾಗಿ ಕೇಳಿಸದು. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮೊದಲಿಗರ ಸಾಲಿಗೆ ಸೇರಿದವರೆಂಬುದನ್ನೂ ಇಲ್ಲಿ ನೆನೆಯಬಹುದು.

ಈ 150ರಲ್ಲಿ 120ರಿಂದ 134ರವರೆಗಿನ ಹದಿನೈದಕ್ಕೆ 'ಮೇಲೇರುವ ಹಾಡುಗಳು' ಎಂಬ ಅರ್ಥದ ತಲೆಬರಹವಿದೆ. ವರ್ಷಕ್ಕೆ ಮೂರು ಸಲ, ಪಸ್ಕ, ವಾರಗಳ ಹಬ್ಬ, ಪರ್ಣಶಾಲೆಗಳ ಹಬ್ಬ ಇವುಗಳಿಗಾಗಿ ಯೆಹೂದ್ಯರು ಯೆರೂಸಲೇಮಿಗೆ ಯಾತ್ರೆ ಹೋಗುತ್ತಿದ್ದರು. ಆ ದಾರಿಯಲ್ಲಿ ಹಾಡುತ್ತಿದ್ದ ಹಾಡುಗಳಿವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ದಾರಿ ಎಂದರೆ ನಿಜವಾಗಿಯೂ ಏರುದಾರಿ. ಯೆರೂಸಲೇಮು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರು ಮೇಲಿದೆ. ಯೆರಿಕೋ ಪಟ್ಟಣ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರು ಕೆಳಗಿದೆ. ನಡುವಣ ಅಂತರ ಸುಮಾರು 25 ಕಿಲೋಮೀಟರು ಮಾತ್ರ. ನೆರಳಿಲ್ಲದ ಬೋಳು ಬೆಟ್ಟಗಳು, ಕೊರಕಲುಗಳು, ಸಡಿಲವಾದ ಕಲ್ಲುಗಳು, ಕಳ್ಳರ ಭಯ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಪ್ರಯಾಣಿಕನೊಬ್ಬನು ಕಳ್ಳರಿಂದ ಪೆಟ್ಟು ತಿಂದು ಬಿದ್ದದ್ದು ಇದೇ ದಾರಿಯಲ್ಲಿ. ಇಂಥ ದಾರಿಗೆ ಹೊರಟವನ ಹಾಡು ಈ 121ನೆಯ ಕೀರ್ತನೆ ಎಂದು ತಿಳಿದು ಓದಿದರೆ ಅದರ ಒಂದೊಂದು ಮಾತಿಗೂ ಅರ್ಥ ಹುಟ್ಟುತ್ತದೆ.

ಈ ಹಾಡಿನ ರಚನೆಯಲ್ಲಿ ಒಂದು ವಿಶೇಷವಿದೆ. ಮೊದಲ ಎರಡು ವಚನಗಳಲ್ಲಿ ಹಾಡುವವನು 'ನಾನು' ಎನ್ನುತ್ತಾನೆ. ಬೆಟ್ಟಗಳ ಕಡೆಗೆ ಕಣ್ಣೆತ್ತಿ, ತನಗೆ ಸಹಾಯವು ಎಲ್ಲಿಂದ ಬಂದೀತೆಂದು ಕೇಳಿಕೊಂಡು, ಭೂಮ್ಯಾಕಾಶಗಳನ್ನು ಉಂಟುಮಾಡಿದವನಿಂದಲೇ ಎಂದು ಉತ್ತರವನ್ನೂ ಕೊಟ್ಟುಕೊಳ್ಳುತ್ತಾನೆ. ಮೂರನೆಯ ವಚನದಿಂದ ಕೊನೆಯವರೆಗೆ 'ನಾನು' ಎಂಬುದೇ ಇಲ್ಲ. ಉಳಿದುದೆಲ್ಲ 'ನೀನು', 'ನಿನ್ನ'. ಯಾತ್ರಿಕನಿಗೆ ಅರ್ಚಕನು ಕೊಡುವ ಆಶೀರ್ವಾದವೆಂದು ಕೆಲವರು, ಮನೆಯಲ್ಲುಳಿದವರು ಹೊರಟವನನ್ನು ಹರಸುವ ಮಾತೆಂದು ಕೆಲವರು ಇದನ್ನು ವಿವರಿಸುತ್ತಾರೆ. ಯಾವುದೇ ಇರಲಿ, ಒಬ್ಬನು ಇನ್ನೊಬ್ಬನಿಗಾಗಿ ಆಡುವ ಮಾತು ಇದು. 'ಕಾಯು' ಎಂಬ ಅರ್ಥದ ಒಂದೇ ಧಾತು ಮೂಲದ ಈ ಆರು ವಚನಗಳಲ್ಲಿ ಆರು ಸಲ ಬರುತ್ತದೆ. ದನ ಕಾಯುವುದು, ಮನೆ ಕಾಯುವುದು, ದೇವರು ಕಾಯುವುದು ಎಲ್ಲಕ್ಕೂ ಒಂದೇ ಮಾತನ್ನು ಬಳಸುವ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಟೀಚರಮ್ಮನವರು ಕಲಿಸಿದ ಕ್ರಮ ಹೀಗಿದೆ.

ಮೊದಲ ಎರಡು ವಚನಗಳನ್ನು ತನಗಾಗಿಯೇ ಹೇಳಿಕೊಳ್ಳಬೇಕು. ಇತರರಿಗಾಗಿ ಪ್ರಾರ್ಥಿಸಲು ಕುಳಿತವನು ತಾನೇ ಸಹಾಯದ ಮೂಲವೆಂದು ಬಗೆಯಬಾರದು. ಅವನಿಗೂ ಸಹಾಯ ಬೇಕು. "ಇದನ್ನು ಬಿಟ್ಟು ಪ್ರಾರಂಭಿಸಿದರೆ ಪ್ರಾರ್ಥನೆ ಉಪದೇಶವಾಗುತ್ತದೆ. ಅವರ ಮಗ ಹೀಗೆ ನಡೆಯಬೇಕು, ಅವರ ಸೊಸೆ ಹಾಗೆ ಮಾಡಬೇಕು ಎಂದು ದೇವರಿಗೇ ಬುದ್ಧಿ ಹೇಳಲು ತೊಡಗುತ್ತೇವೆ" ಎಂದರು ಆಕೆ.

ಬಳಿಕ ಒಬ್ಬರ ಹೆಸರನ್ನು ಹಿಡಿಯಬೇಕು. ಒಬ್ಬರದು ಮಾತ್ರ, ಏಕೆಂದರೆ ಮೂಲದ 'ನೀನು' ಏಕವಚನ. ಆ ಹೆಸರಿನೊಡನೆ ಮೂರನೆಯ ವಚನಕ್ಕೆ ಬರಬೇಕು. ಅದು ಕಾಲು ಜಾರದಿರಲೆಂಬ ಮಾತು. ಯಾತ್ರಿಕನಿಗೆ ಸಡಿಲವಾದ ಕಲ್ಲು, ನಮ್ಮವರಿಗೆ ಏನು? ಶಸ್ತ್ರಚಿಕಿತ್ಸೆಯ ಮರುದಿನ ದಾದಿಯ ಕೈ ಹಿಡಿದು ಇಡುವ ಮೊದಲ ಹೆಜ್ಜೆ, ಮುದುಕರಿಗೆ ಬಚ್ಚಲುಮನೆಯ ನೆಲ, ಕುಡಿತವನ್ನು ಬಿಟ್ಟು ಹತ್ತು ದಿನವಾದವನಿಗೆ ಸಂಬಳದ ಸಂಜೆ. ಅವರವರ ಕಲ್ಲನ್ನು ಕಂಡುಹಿಡಿದು ಅದನ್ನೇ ಹೆಸರಿಸಿ ಬೇಡಬೇಕು.

ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂಬುದು ಮೂರು, ನಾಲ್ಕನೆಯ ವಚನಗಳ ಭಾವ. ರಾತ್ರಿಯೆಲ್ಲ ಎಚ್ಚರವಿರುವವರನ್ನು ಇಲ್ಲಿ ನೆನೆಯಬೇಕು: ನೋವಿನಿಂದ ಹೊರಳುವ ರೋಗಿ, ಪಕ್ಕದ ಸ್ಟೂಲಿನ ಮೇಲೆ ಕುಳಿತ ಮನೆಯವರು, ರಾತ್ರಿಪಾಳಿಯ ದಾದಿ, ಮಗನು ಮನೆಗೆ ಬರುವವರೆಗೆ ಬಾಗಿಲು ಹಾಕದ ತಾಯಿ. ಇದರಲ್ಲಿ ಪ್ರಾರ್ಥಿಸುವವನಿಗೂ ಒಂದು ಸಮಾಧಾನವಿದೆ. ಪಹರೆಯ ಕೆಲಸ ಅವನದಲ್ಲ. ಹೆಸರನ್ನು ಒಪ್ಪಿಸಿ ಅವನು ಮಲಗಬಹುದು.

ಐದನೆಯ ವಚನದಲ್ಲಿ ಬಲಗಡೆಯ ನೆರಳಿನ ಮಾತು ಬರುತ್ತದೆ. ಮರವಿಲ್ಲದ ಆ ನಾಡಿನಲ್ಲಿ ನೆರಳೆಂದರೆ ಅಲಂಕಾರವಲ್ಲ, ಜೀವರಕ್ಷಣೆ. ಬಲಗೈ ದುಡಿಯುವ ಕೈಯಾದ್ದರಿಂದ ಟೀಚರಮ್ಮ ಇಲ್ಲಿ ಅವರ ದುಡಿಮೆಗಾಗಿ ಬೇಡುತ್ತಾರೆ. ಖಾಯಿಲೆ ಬಂದ ಮನೆಯಲ್ಲಿ ಔಷಧದ ಖರ್ಚು, ರಜೆಯ ಚಿಂತೆ, ಅಂಗಡಿಯ ಬಾಕಿ ಇರುತ್ತವೆ. ಭಕ್ತಿಯ ಮಾತಿನ ಭರದಲ್ಲಿ ಇವುಗಳನ್ನು ಮರೆಯಬಾರದೆಂದು ಅವರ ನಿಲುವು.

ಆರನೆಯ ವಚನವು ಹಗಲಿನ ಸೂರ್ಯನಿಂದಲೂ ಇರುಳಿನ ಚಂದ್ರನಿಂದಲೂ ಆಗುವ ಬಾಧೆಯನ್ನು ಹೇಳುತ್ತದೆ. ಬಿಸಿಲಿನ ಪೆಟ್ಟು ಎಲ್ಲರಿಗೂ ಗೊತ್ತು. ಬೆಳುದಿಂಗಳಿಂದ ಏನು ಬಾಧೆ? ಚಂದ್ರನು ಮನಸ್ಸನ್ನು ಕೆಡಿಸುತ್ತಾನೆಂಬ ನಂಬಿಕೆ ಪ್ರಾಚೀನ ಜನರಲ್ಲಿತ್ತು. ಹುಣ್ಣಿಮೆ ಅಮಾವಾಸ್ಯೆಗಳಿಗೆ ಬುದ್ಧಿಭ್ರಮಣೆ ಹೆಚ್ಚುತ್ತದೆಂದು ನಮ್ಮ ಅಜ್ಜಿಯರೂ ಹೇಳುತ್ತಿದ್ದರಷ್ಟೆ. ಆ ನಂಬಿಕೆ ಇಂದು ಉಳಿಯದಿದ್ದರೂ ಆ ಭೇದ ಉಳಿದಿದೆ. ಹಗಲಿನ ಕಷ್ಟ ಎಲ್ಲರಿಗೂ ಕಾಣುವಂಥದು. ಇರುಳಿನದು ಒಬ್ಬರಿಗೇ ಗೊತ್ತಿರುವಂಥದು. ನಗುನಗುತ್ತ ಓಡಾಡುವವರ ಒಳಗಿನ ದಿಗಿಲಿಗಾಗಿಯೂ ಪ್ರಾರ್ಥಿಸಬೇಕೆಂದು ಈ ವಚನ ನೆನಪಿಸುತ್ತದೆ.

ಏಳನೆಯದು ಎಲ್ಲ ಕೇಡಿನಿಂದ ಪ್ರಾಣವನ್ನು ಕಾಯಲೆಂಬುದು. ಹೊರಗಿನ ಕೇಡಿನ ಜೊತೆಗೆ ಒಳಗಿನ ಕೇಡೂ ಇದೆ. ಕಷ್ಟವು ಮನುಷ್ಯನನ್ನು ಕಹಿ ಮಾಡಬಲ್ಲುದು. ಅಸೂಯೆಯನ್ನೂ ಜಿಗುಪ್ಸೆಯನ್ನೂ ತುಂಬಬಲ್ಲುದು. ರೋಗ ಗುಣವಾಗಿ ಮನಸ್ಸು ಕೆಟ್ಟರೆ ಏನು ಲಾಭ?

ಎಂಟನೆಯದಾಗಿ, ಹೋಗುವಾಗಲೂ ಬರುವಾಗಲೂ, ಈಗಿನಿಂದ ಎಂದೆಂದಿಗೂ ಕಾಯಲೆಂಬ ಭಾವದೊಡನೆ ಹಾಡು ಮುಗಿಯುತ್ತದೆ. ಯೆಹೂದ್ಯರ ಮನೆಗಳ ಬಾಗಿಲ ತೋಳಿಗೆ ಶಾಸ್ತ್ರವಚನಗಳನ್ನು ಬರೆದಿಟ್ಟ ಪುಟ್ಟ ಸಂಪುಟವೊಂದನ್ನು ಹೊಡೆದಿರುತ್ತಾರೆ. ಹೊರಗೆ ಹೋಗುವಾಗ ಅದನ್ನು ಮುಟ್ಟಿ ಈ ವಚನದ ಭಾವವನ್ನು ನೆನೆಯುವ ಪದ್ಧತಿ ಅವರಲ್ಲಿ ಕೆಲವರಿಗುಂಟು. ಬಾಣಂತಿಯ ಕೋಣೆಯಲ್ಲಿ ಈ ಕೀರ್ತನೆಯನ್ನು ಬರೆದು ತೂಗುಹಾಕುವ ಸಂಪ್ರದಾಯವೂ ಅವರಲ್ಲಿದೆ. ಲೋಕಕ್ಕೆ ಬರುವ ಮಗುವೂ ಯಾತ್ರಿಕನೇ ತಾನೆ! ಇದನ್ನು ಕೇಳುತ್ತಿದ್ದಾಗ ನನಗೆ ನನ್ನ ತಾಯಿಯ ನೆನಪಾಯಿತು. ಮನೆಯಿಂದ ಹೊರಡುವಾಗ "ಹೋಗುತ್ತೇನೆ" ಎಂದರೆ ಆಕೆ ಬಾಗಿಲಲ್ಲೇ ತಡೆಯುತ್ತಿದ್ದಳು. "ಹೋಗಿ ಬರುತ್ತೇನೆ" ಎಂದು ತಿದ್ದಿಸಿ, "ಹೋಗಿ ಬಾ" ಎಂದ ಮೇಲೆಯೇ ಕಳುಹಿಸುತ್ತಿದ್ದಳು. ಕನ್ನಡದ ಪ್ರತಿಯೊಂದು ಹೊಸಲಿನ ಮೇಲೂ ದಿನವೂ ಆಡುವ ಈ ಎರಡು ಮಾತು ಪ್ರಾರ್ಥನೆಯೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನೋಟು ಪುಸ್ತಕದಲ್ಲಿ ಒಂದು ಹೆಸರನ್ನು ಕಂಡು ನಾನು ಹುಬ್ಬೇರಿಸಿದೆ. ಕಾಂಪೌಂಡು ಗೋಡೆಯ ವಿಷಯವಾಗಿ ಟೀಚರಮ್ಮನೊಡನೆ ಮೂರು ವರ್ಷ ಜಗಳವಾಡಿದವರ ಹೆಸರದು. ಆಕೆ ಕೊಂಚ ನಾಚಿಕೊಂಡರು. "ಅವರ ಹೆಸರು ಬಂದಾಗ ಸ್ವರ ತಾನಾಗಿ ಸಣ್ಣದಾಗುತ್ತದೆ. ಆದರೂ ಓದುತ್ತೇನೆ" ಎಂದರು. ಎಲ್ಲ ಕೀರ್ತನೆಗಳೂ 121ರಂತೆ ಮಧುರವಾದುವಲ್ಲ. 109ನೆಯದರಲ್ಲಿ ವೈರಿಯ ಆಯುಸ್ಸು ಕಡಮೆಯಾಗಲಿ, ಅವನ ಮಕ್ಕಳು ಅನಾಥರಾಗಲಿ ಎಂಬಂಥ ಘೋರವಾದ ಶಾಪಗಳಿವೆ. ಹಾಗೆಯೇ 35ನೆಯದರಲ್ಲಿ, ಇಂದು ವೈರಿಗಳಾಗಿರುವವರು ಹಿಂದೊಮ್ಮೆ ಕಾಯಿಲೆಯಾದಾಗ ತಾನು ಗೋಣಿತಟ್ಟು ಉಟ್ಟು ಉಪವಾಸವಿದ್ದು, ತಾಯಿಗಾಗಿ ದುಃಖಿಸುವವನಂತೆ ದುಃಖಿಸಿದೆನೆಂದು ಕವಿ ನೆನೆಯುತ್ತಾನೆ. ಎರಡೂ ಮನುಷ್ಯನ ಮನಸ್ಸೇ. ಯಾವುದರ ಕಡೆಗೆ ನಡೆಯಬೇಕೆಂಬುದನ್ನು ನಾವು ಆರಿಸಿಕೊಳ್ಳಬೇಕು.

ಆ ದಿನದಿಂದ ನಾನು ಮಿತ್ರರ ಪತ್ನಿಯ ಹೆಸರಿನಲ್ಲಿ ಈ ಎಂಟು ವಚನಗಳ ದಾರಿಯನ್ನು ಹಿಡಿದೆ. ನಾನು ಕ್ರೈಸ್ತನಲ್ಲ. ಮನೆಯ ದೇವರ ಮುಂದೆ ಕುಳಿತು, ನನಗೆ ಬಂದ ಮಾತಿನಲ್ಲಿ, ಈ ಕ್ರಮವನ್ನು ಅನುಸರಿಸಿದೆ. ಮೂರನೆಯ ದಿನವೇ ಒಂದು ತೊಡಕು ಎದುರಾಯಿತು. ಆಕೆಯ ಕಾಲಿಗೆ ತಾಗುವ ಕಲ್ಲು ಯಾವುದು? ರಾತ್ರಿ ಯಾರು ಎಚ್ಚರವಿರುತ್ತಾರೆ? ಬಲಗೈಯ ದುಡಿಮೆ ಹೇಗೆ ನಡೆದಿದೆ? ನನಗೇನೂ ತಿಳಿದಿರಲಿಲ್ಲ. ತಿಳಿಯದೆ ಪ್ರಾರ್ಥಿಸುವುದು ವಿಳಾಸವಿಲ್ಲದ ಕಾಗದ ಬರೆದಂತೆ. ಆದ್ದರಿಂದ ಒಂದು ಗುರುವಾರ ಅವರ ಮನೆಗೆ ಹೋದೆ. ಮುಂದಿನ ಗುರುವಾರವೂ ಹೋದೆ. ಮಹಡಿಯ ಮೆಟ್ಟಿಲು ಆಕೆಗೆ ಕಷ್ಟವಾಗಿತ್ತು. ಮಿತ್ರರು ರಾತ್ರಿ ಎರಡು ಸಲ ಎದ್ದು ಮಾತ್ರೆ ಕೊಡುತ್ತಿದ್ದರು. ಮಗನ ಕೆಲಸ ಹೋಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷದ ಸ್ನೇಹದಲ್ಲಿ ತಿಳಿಯದೆ ಹೋದ ಸಂಗತಿಗಳು ಆರು ಗುರುವಾರಗಳಲ್ಲಿ ತಿಳಿದವು.

ಎಂಟು ತಿಂಗಳ ತರುವಾಯ ಆಕೆ ತೀರಿಕೊಂಡರು.

ಇದನ್ನು ಮುಚ್ಚಿಟ್ಟು ಈ ಲೇಖನವನ್ನು ಸುಖಾಂತವಾಗಿ ಬರೆಯಬಹುದಿತ್ತು. ಅದು ಪ್ರಾಮಾಣಿಕತನವಾಗುತ್ತಿರಲಿಲ್ಲ. ನಾನು ಪ್ರಾರ್ಥಿಸದೆ ಮಲಗಿದ ರಾತ್ರಿ ಆಕೆ ಬದುಕಿದರು. ಪ್ರತಿದಿನವೂ ಹೆಸರು ಹಿಡಿದು ಪ್ರಾರ್ಥಿಸಿದ ಮೇಲೆ ತೀರಿಕೊಂಡರು. ಹಾಗಾದರೆ ಕಾಯುತ್ತಾನೆಂಬ ಮಾತಿಗೆ ಅರ್ಥವೇನು? ಈ ಪ್ರಶ್ನೆಯನ್ನು ಹೊತ್ತುಕೊಂಡು ಟೀಚರಮ್ಮನವರ ಮನೆಗೆ ಹೋದಾಗ ನನ್ನ ಸ್ವರದಲ್ಲಿ ಸಿಟ್ಟೂ ಇತ್ತು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೂ ಗೊತ್ತಿಲ್ಲ, ರಾಯರೇ" ಎಂದರು. ನೋಟು ಪುಸ್ತಕದ ಮೊದಲ ಹಾಳೆಯನ್ನು ತೆರೆದು ತಮ್ಮ ಯಜಮಾನರ ಹೆಸರನ್ನು ತೋರಿಸಿದರು. "ಒಂದು ವರ್ಷ ಅವರಿಗಾಗಿ ಇದೇ ಕೀರ್ತನೆಯನ್ನು ಓದಿದೆ. ಅವರು ಹೋದ ಮೇಲೆ ನಲವತ್ತು ದಿನ ಇದನ್ನು ಓದಲಾರದೆ 88ನೆಯದನ್ನು ಓದಿದೆ." ಆ 88ನೆಯ ಕೀರ್ತನೆ ದುಃಖದಲ್ಲಿ ತೊಡಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಇತರ ಶೋಕಗೀತೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಕಾಣುವ ಬೆಳಕು ಅದರಲ್ಲಿಲ್ಲ. ಅಂಥ ಹಾಡನ್ನೂ ಅದೇ ಪವಿತ್ರಗ್ರಂಥದಲ್ಲಿ ಉಳಿಸಿಕೊಂಡವರ ಧೈರ್ಯವನ್ನು ಮೆಚ್ಚಬೇಕು. "ನಲವತ್ತೊಂದನೆಯ ದಿನ ಮತ್ತೆ 121ಕ್ಕೆ ಬಂದೆ. ಕೊನೆಯ ವಚನದ ಹತ್ತಿರ ನಿಂತೆ. ಅವರು ಹೊರಟರಲ್ಲ, ದೊಡ್ಡ ಪ್ರಯಾಣ. ಹೊರಟವರಿಗೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಕಳಿಸಬೇಡವೇ ಎಂದು ತೋಚಿತು. ಹೇಳಿದೆ."

ಮನೆಗೆ ಹಿಂದಿರುಗುವಾಗ ನನಗೆ ಡೇವಿಡ್ ಲಿವಿಂಗ್‌ಸ್ಟನ್ ನೆನಪಿಗೆ ಬಂದರು. 1840ರ ನವೆಂಬರ್ 17ರ ಬೆಳಗಿನ ಜಾವ, ಸ್ಕಾಟ್ಲೆಂಡಿನ ಬ್ಲಾಂಟೈರಿನಲ್ಲಿ, ಆ ಇಪ್ಪತ್ತೇಳು ವರ್ಷದ ಯುವಕ ಮನೆಬಿಟ್ಟು ಹೊರಡಲು ಸಿದ್ಧನಾದ. ತಾಯಿ ಕಾಫಿ ಮಾಡಿದಳು. ಅವನು ಮನೆಯವರ ಮುಂದೆ 121 ಮತ್ತು 135ನೆಯ ಕೀರ್ತನೆಗಳನ್ನು ಓದಿ ಪ್ರಾರ್ಥಿಸಿದ. ಹೊರಡುವವನೇ ಉಳಿಯುವವರಿಗಾಗಿ ಓದಿದ. ತಂದೆ ಮಗ ಇಬ್ಬರೂ ಗ್ಲಾಸ್ಗೋವರೆಗೆ ನಡೆದು ಹೋಗಿ ಅಲ್ಲಿ ಬೀಳ್ಕೊಂಡರು. ಮತ್ತೆ ಅವರು ಒಬ್ಬರನ್ನೊಬ್ಬರು ಕಾಣಲಿಲ್ಲ. 1856ರಲ್ಲಿ ಲಿವಿಂಗ್‌ಸ್ಟನ್ ಆಫ್ರಿಕದಿಂದ ಇಂಗ್ಲೆಂಡಿಗೆ ಬರುವ ಮೊದಲೇ ತಂದೆ ತೀರಿಕೊಂಡಿದ್ದರು. 1862ರಲ್ಲಿ ಜ್ಯಾಂಬೆಜಿ ನದಿಯ ತೀರದಲ್ಲಿ ಪತ್ನಿ ಮೇರಿ ಮಡಿದರು. 1873ರಲ್ಲಿ ಆಫ್ರಿಕದ ಒಂದು ಹಳ್ಳಿಯ ಗುಡಿಸಿಲಿನಲ್ಲಿ, ಮಂಚದ ಪಕ್ಕದಲ್ಲಿ ಮೊಳಕಾಲೂರಿದ ಭಂಗಿಯಲ್ಲಿ, ಲಿವಿಂಗ್‌ಸ್ಟನ್ ಸತ್ತಿರುವುದನ್ನು ಪರಿಚಾರಕರು ಕಂಡರು. ಸೂಸಿ, ಚೂಮಾ ಮೊದಲಾದ ಆ ನಂಬಿಗಸ್ತ ಆಫ್ರಿಕನ್ನರು ಅವರ ಹೃದಯವನ್ನು ಅಲ್ಲಿಯೇ ಹೂಳಿ, ದೇಹವನ್ನು ತಿಂಗಳುಗಟ್ಟಲೆ ಹೊತ್ತು ಸಮುದ್ರತೀರಕ್ಕೆ ತಲುಪಿಸಿದರು. 1874ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯಾಯಿತು. ಆ ಬೆಳಗಿನ ಕೀರ್ತನೆ ಕಲ್ಲುಮುಳ್ಳುಗಳನ್ನು ದಾರಿಯಿಂದ ತೆಗೆಯಲಿಲ್ಲ. ಆದರೆ ದಾರಿಯ ಕೊನೆಯಲ್ಲಿಯೂ ಮೊಳಕಾಲೂರುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಕಾಯುವುದೆಂದರೆ ಇದೂ ಒಂದು ಬಗೆ ಇರಬಹುದೇ?

ಉತ್ತರವನ್ನು ವಾಚಕರ ಮೇಲೆ ಹೇರಲಾರೆ. ಪ್ರಾರ್ಥನೆಯು ಗುಂಡಿ ಒತ್ತಿದರೆ ಬೆಳಗುವ ದೀಪವಲ್ಲವೆಂಬುದಷ್ಟು ನನಗೆ ಖಚಿತವಾಗಿದೆ. ಮತ್ತೊಬ್ಬರಿಗಾಗಿ ಹೆಸರು ಹಿಡಿದು ಪ್ರಾರ್ಥಿಸುವವನು ಅವರಿಂದ ದೂರ ಉಳಿಯಲಾರನೆಂಬುದೂ ಖಚಿತವಾಗಿದೆ. ನನ್ನನ್ನು ಗುರುವಾರಗಳಂದು ಆ ಮನೆಗೆ ಎಳೆದೊಯ್ದದ್ದು ಆ ಎಂಟು ವಚನಗಳೇ.

ಒಂದು ಸಾಲ ಮಾತ್ರ ತೀರದೆ ಉಳಿದಿತ್ತು. ಕಳೆದ ತಿಂಗಳು ಒಂದು ಗುರುವಾರ, ಮಿತ್ರರ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ, ಧೈರ್ಯ ಮಾಡಿ ಹೇಳಿಯೇಬಿಟ್ಟೆ: "ಅಂದು ಆಸ್ಪತ್ರೆಯಲ್ಲಿ ನೀವು ನನ್ನನ್ನು ನಾಲ್ಕನೆಯವನೆಂದು ಎಣಿಸಿದಿರಿ. ಆ ರಾತ್ರಿ ನಾನು ಪ್ರಾರ್ಥಿಸಲಿಲ್ಲ. ಮರೆತೆ."

ಅವರು ನನ್ನ ಮುಖವನ್ನು ನೋಡಲಿಲ್ಲ. ಅಂಗಳದ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೇಳದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ" ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಅವಳು ಪ್ರತಿ ಬುಧವಾರ ರಾತ್ರಿ, ನಾಳೆ ರಾಯರು ಬರುತ್ತಾರೆ, ಕಾಫಿಪುಡಿ ಇದೆಯೇ ನೋಡಿ ಎನ್ನುತ್ತಿದ್ದಳು" ಎಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಹೊರಡುವಾಗ ಗೇಟಿನವರೆಗೆ ಬಂದು, "ಹೋಗಿ ಬನ್ನಿ" ಎಂದರು.

ಓದುಗ ಸೋದರ ಸೋದರಿಯರಲ್ಲಿ ನನ್ನದೊಂದು ಬಿನ್ನಹ. ಯಾರಿಗಾದರೂ "ನಿಮಗಾಗಿ ಪ್ರಾರ್ಥಿಸುತ್ತೇನೆ" ಎಂದು ಈ ವಾರ ಹೇಳಿದ್ದರೆ, ಇಂದು ರಾತ್ರಿ ದೀಪ ಆರಿಸುವ ಮೊದಲು ಹತ್ತು ನಿಮಿಷ ಕುಳಿತುಕೊಳ್ಳಿ. ನಿಮ್ಮ ಇಷ್ಟದೈವದ ಮುಂದೆಯೇ ಕುಳಿತುಕೊಳ್ಳಿ. ಹೆಸರು ಒಂದೇ ಇರಲಿ. ಅವರ ಹೆಜ್ಜೆ, ಅವರ ನಿದ್ರೆ, ಅವರ ದುಡಿಮೆ, ಹಗಲಿನ ಚಿಂತೆ, ಇರುಳಿನ ದಿಗಿಲು, ಅವರ ಮನಸ್ಸು, ಅವರ ಹೋಗುವಿಕೆ ಬರುವಿಕೆ, ಇವುಗಳನ್ನು ಒಂದೊಂದಾಗಿ ನೆನೆಯಿರಿ. ಯಾವುದಾದರೊಂದರ ಹತ್ತಿರ ಬಂದಾಗ, ಅವರ ವಿಷಯ ನನಗೇನೂ ಗೊತ್ತಿಲ್ಲವಲ್ಲಾ ಎನ್ನಿಸಿದರೆ, ನಾಳೆ ಬೆಳಗ್ಗೆ ಅವರ ಮನೆಯ ಬಾಗಿಲು ತಟ್ಟಿರಿ.